ಮತಿಲ್ಡಳಿಗೆ ಹೋದ ಹದಿನಾಲ್ಕು ಮೂಟೆ

ಅಪೊಲೋನಿಯ ನನಗೆ ಅತ್ತಿಗೆಯಾಗಬೇಕು. ನನ್ನ ದೊಡ್ಡಪ್ಪನ ಮಗನನ್ನು ಮದುವೆಯಾಗಿ ಟಾಂಬುಲ್ ಕಣಿವೆಗೆ ಬಂದವಳು. ಅವನು ನಾಲ್ಕೇ ವರ್ಷದಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡು ಕೆಳಗಿನ ಕಾಫಿ ತೋಟಗಳ ಕಡೆ ಹೋಗಿಬಿಟ್ಟ. ಇವಳು ತವರಿಗೆ ವಾಪಸ್ಸು ಹೋಗಲಿಲ್ಲ. ತಾನು ಕಟ್ಟಿದ ಗೆಣಸಿನ ದಿಬ್ಬಗಳು ಇಲ್ಲಿರುವಾಗ ತಾನೆಲ್ಲಿಗೆ ಹೋಗಲಿ ಎಂದು ಕೇಳಿದಳಂತೆ. ಆ ದಿಬ್ಬಗಳನ್ನು ನೋಡಿದವರು ಆ ಮಾತಿಗೆ ನಗುತ್ತಿರಲಿಲ್ಲ. ನಮ್ಮ ಕಣಿವೆ ಎತ್ತರದಲ್ಲಿದೆ. ಕೆಲವು ವರ್ಷ ಇಬ್ಬನಿ ಹೆಪ್ಪುಗಟ್ಟಿ ಬಳ್ಳಿಯನ್ನೇ ಸುಟ್ಟುಬಿಡುತ್ತದೆ. ಅವಳ ದಿಬ್ಬದೊಳಗೆ ಮಾತ್ರ ಹುಲ್ಲು ಕೊಳೆತು ಬೆಚ್ಚಗಿರುತ್ತಿತ್ತು. ಗೆಣಸು ಮೊಣಕೈಯಷ್ಟು ದಪ್ಪ ಬರುತ್ತಿತ್ತು.

ಬೆಳೆಯುವುದು ಯಾವತ್ತೂ ನಮಗೆ ಕಷ್ಟವಾಗಿರಲಿಲ್ಲ. ಬೆಳೆದದ್ದು ತಿನ್ನುವವರ ಕೈ ಸೇರುವುದೇ ಕಷ್ಟ. ರಸ್ತೆ ಬದಿಯಲ್ಲಿ ಮೂಟೆ ಇಟ್ಟುಕೊಂಡು ಕೂತರೆ ವ್ಯಾಪಾರಿಗಳ ಟ್ರಕ್ಕು ಬರುತ್ತಿತ್ತು. ಚಾಲಕ ಕೆಳಗಿಳಿಯದೆ ಕಿಟಕಿಯಿಂದಲೇ ಒಂದು ದರ ಹೇಳುತ್ತಿದ್ದ. ಒಲ್ಲೆ ಎಂದರೆ ಮುಂದಿನ ತಿರುವಿನಲ್ಲಿ ಇನ್ನೊಬ್ಬಳು ಕೂತಿರುತ್ತಿದ್ದಳು. ನಮ್ಮ ದೇಶದ ರಾಜಧಾನಿಗೆ ರಸ್ತೆಯಿಲ್ಲ. ಬೆಟ್ಟದಿಂದ ಎರಡು ದಿನ ಟ್ರಕ್ಕಿನಲ್ಲಿ ಇಳಿದು ಲಾಯೆ ಬಂದರು, ಅಲ್ಲಿಂದ ಹಡಗಿನಲ್ಲಿ ಮೂರು ದಿನ, ಆಮೇಲೆ ಮೋರೆಸ್ಬಿ. ಆ ದಾರಿಯುದ್ದಕ್ಕೂ ಗೆಣಸಿನ ಬೆಲೆ ಏರುತ್ತಾ ಹೋಗುತ್ತದೆ, ಗೆಣಸು ಕೊಳೆಯುತ್ತಾ ಹೋಗುತ್ತದೆ.

ಮೋರೆಸ್ಬಿಯಲ್ಲಿ ಅಪೊಲೋನಿಯಳ ತಂಗಿ ಮತಿಲ್ಡ ಇದ್ದಳು. ತಾಯಿ ತೀರಿಕೊಂಡಾಗ ಮತಿಲ್ಡಳಿಗೆ ಮೂರು ವರ್ಷ. ಅಕ್ಕನೇ ಬೆನ್ನ ಮೇಲಿನ ಜೋಳಿಗೆಯಲ್ಲಿ ಹೊತ್ತು ಸಾಕಿದ್ದಳು. ಬೆಳೆದ ಮೇಲೆ ಅವಳನ್ನು ಮೋರೆಸ್ಬಿಯಲ್ಲಿ ಕಾವಲು ಕೆಲಸದಲ್ಲಿದ್ದವನಿಗೆ ಕೊಟ್ಟರು. ಅವನು ಸತ್ತ. ಮಕ್ಕಳಿರಲಿಲ್ಲ. ಅವಳು ಊರಿಗೆ ಬರದೆ, ಮೋರೆಸ್ಬಿಯ ಅಂಚಿನ ತಗಡಿನ ಮನೆಗಳ ಕೇರಿಯಲ್ಲೇ ಉಳಿದು, ಮಾರುಕಟ್ಟೆಯಲ್ಲಿ ಸೊಪ್ಪು ಮಾರುತ್ತಿದ್ದಳು. ಒಂದು ಕ್ರಿಸ್‌ಮಸ್‌ಗೆ ಊರಿಗೆ ಬಂದಾಗ ಅಕ್ಕ ರಸ್ತೆ ಬದಿಯಲ್ಲಿ ಕೂತು ಕಿಟಕಿಯ ಕಡೆ ಕತ್ತೆತ್ತಿ ಮಾತಾಡುವುದನ್ನು ನೋಡಿದಳು. ಟ್ರಕ್ಕು ಹೋದ ಮೇಲೆ, ಅಷ್ಟು ದಿನ ಬಿಸಿಲಲ್ಲಿ ಬಗ್ಗಿದವಳು ಇವನ ಮುಂದೆಯೂ ಬಗ್ಗಬೇಕಾ ಎಂದು ಅಕ್ಕನ ಮೇಲೆ ರೇಗಿದಳು.

“ನೀನು ಕಳಿಸು, ನಾನು ಮಾರ್ತೀನಿ,” ಅಂದಳು. “ಮಧ್ಯದಲ್ಲಿ ಇವರ್ಯಾರೂ ಬೇಡ. ನೀನು, ನಾನು, ಅಷ್ಟೇ.”

ಮಧ್ಯದಲ್ಲಿ ನಾನಿದ್ದೆ. ನನ್ನದೊಂದು ಹಳೇ ಟ್ರಕ್ಕು ಲಾಯೆಗೆ ಓಡಾಡುತ್ತಿತ್ತು. ಲಾಯೆಯಲ್ಲಿ ನಮ್ಮ ಭಾಷೆಯವನೇ ಆದ ಗಿದಿಯೋನ್ ಎಂಬವನು ಹಡಗಿನ ಸರಕು ನೋಡಿಕೊಳ್ಳುವ ಕೆಲಸದಲ್ಲಿದ್ದ. ಹಡಗಿನ ಜೊತೆ ಅವನೂ ಹೋಗಿ ಬರುತ್ತಿದ್ದ. ಹೀಗೆ ದಾರಿ ಕೂಡಿಬಂತು.

ಮೊದಲ ಸಲ ಕಳಿಸಿದ ಆರು ಮೂಟೆಯಲ್ಲಿ ಮೂರು ಮೋರೆಸ್ಬಿಯಲ್ಲಿ ಬಾಯಿ ಬಿಚ್ಚುವಷ್ಟರಲ್ಲಿ ನೀರಾಗಿದ್ದವು. ಮತಿಲ್ಡ ಕಾಗದ ಬರೆಸಿದಳು. ಇಬ್ಬರಿಗೂ ಓದು ಬರಹ ಬಾರದು. ಅಲ್ಲಿ ಯಾರೋ ಬರೆಯುತ್ತಿದ್ದರು, ಇಲ್ಲಿ ನಾನು ಓದುತ್ತಿದ್ದೆ. ತೊಳೆಯಬೇಡ, ಮಣ್ಣು ಹಾಗೇ ಇರಲಿ. ಕಿತ್ತ ಕೂಡಲೇ ತುಂಬಬೇಡ, ನೆರಳಲ್ಲಿ ನಾಲ್ಕು ದಿನ ಹರಡು. ಸಿಪ್ಪೆ ತರಚಿದ್ದನ್ನು ಹಂದಿಗೆ ಹಾಕು, ನನಗೆ ಕಳಿಸಬೇಡ. ಬಾಯಿ ಮೇಲೆ ಗುಡ್ಡೆ ಹಾಕಿ ಹೊಲಿಯಬೇಡ, ಮೇಲಿನ ಮೂಟೆಯ ಭಾರಕ್ಕೆ ಅದೇ ಮೊದಲು ಒಡೆಯುತ್ತೆ. ಅಪೊಲೋನಿಯ ಕೇಳುತ್ತಾ ಕೂತಿದ್ದು ಕೊನೆಗೆ, “ನಿನ್ನೆ ಮೊನ್ನೆ ನನ್ನ ಬೆನ್ನ ಮೇಲೆ ಉಚ್ಚೆ ಹೊಯ್ದವಳು ನಂಗೆ ಗೆಣಸು ಕೀಳೋದು ಹೇಳ್ಕೊಡ್ತಾಳೆ,” ಎಂದು ನಕ್ಕಳು. ಆದರೆ ಹೇಳಿದ್ದೆಲ್ಲ ಮಾಡಿದಳು.

ಎರಡು ವರ್ಷದಲ್ಲಿ ಹತ್ತರಲ್ಲಿ ಒಂಬತ್ತು ಮೂಟೆ ಗಟ್ಟಿಯಾಗಿಯೇ ಮುಟ್ಟುತ್ತಿದ್ದವು. ಅಕ್ಕಪಕ್ಕದ ಹೆಂಗಸರೂ ಸೇರಿದರು, ಒಟ್ಟು ಐದು ಮಂದಿ. ಯಾರ ಮೂಟೆ ಯಾವುದೆಂದು ತಿಳಿಯಲು ಅಪೊಲೋನಿಯ ಒಬ್ಬೊಬ್ಬರ ಮೂಟೆಯ ಬಾಯಿಗೆ ಒಂದೊಂದು ಬಣ್ಣದ ಉಣ್ಣೆ ಎಳೆ ಕಟ್ಟುತ್ತಿದ್ದಳು. ಮತಿಲ್ಡ ಅಲ್ಲಿಂದ ಕಳಿಸುವಾಗಲೂ ಅದೇ ಬಣ್ಣದ ಎಳೆಯಲ್ಲಿ ಅವರವರ ಪಾಲಿನ ದುಡ್ಡನ್ನು ಕಟ್ಟಿ, ಜೊತೆಗೆ ಅವರು ಹೇಳಿದ ಲಂಗ, ಕೆಟಲು, ಮಕ್ಕಳ ಪುಸ್ತಕ ಎಲ್ಲವನ್ನೂ ಕಳಿಸುತ್ತಿದ್ದಳು. ಆರು ವರ್ಷ ಒಂದು ಎಳೆಯೂ ಅದಲುಬದಲಾಗಲಿಲ್ಲ. ಆ ಆರು ವರ್ಷದಲ್ಲಿ ಅಕ್ಕ ತಂಗಿ ಮುಖ ನೋಡಿದ್ದು ಎರಡೇ ಸಲ. ಮೂಟೆಯ ಬಾಯಿ ಬಿಚ್ಚುವಾಗ ಹೊಲಿಗೆ ನೋಡಿದರೇ ಅಕ್ಕನ ಸಿಟ್ಟು, ಸಮಾಧಾನ ಗೊತ್ತಾಗುತ್ತದೆ ಎಂದು ಮತಿಲ್ಡ ಒಮ್ಮೆ ಬರೆಸಿದ್ದಳು.

ಏಳನೇ ವರ್ಷ ಎಲ್ಲ ಕೆಟ್ಟಿತು. ಫೆಬ್ರವರಿಯಲ್ಲಿ ಹೋದ ಮೂಟೆಗಳ ಪಾಲು ಅರ್ಧವೇ ಬಂತು, ಮಳೆಗೆ ಹಾಳಾಯಿತು ಎಂಬ ಒಂದು ಸಾಲಿನ ಕಾಗದದ ಜೊತೆ. ಮೋರೆಸ್ಬಿಯಲ್ಲಿ ಆಗ ಮಳೆ ಬರುವುದೇನೋ ನಿಜ. ಏಪ್ರಿಲಿನ ಮೂಟೆಗಳನ್ನು ಯಾರೂ ಬಿಡಿಸಿಕೊಳ್ಳಲೇ ಇಲ್ಲ. ಹತ್ತು ದಿನ ಮೋರೆಸ್ಬಿಯ ಹಡಗು ಧಕ್ಕೆಯ ಶೆಡ್ಡಿನಲ್ಲಿ ಬಿದ್ದು, ನಾತ ತಡೆಯಲಾರದೆ ಅವರೇ ಎಸೆದರು ಎಂದು ಗಿದಿಯೋನ್ ಹೇಳಿದ. ಮತಿಲ್ಡಳಿಂದ ಸುದ್ದಿಯಿಲ್ಲ. ಮೊಬೈಲು ನಮ್ಮ ಕಣಿವೆಗೆ ಇನ್ನೂ ಬಂದಿರಲಿಲ್ಲ.

ಅದೇ ಹೊತ್ತಿಗೆ ನಮ್ಮೂರಿನ ಯಾಕೋಬ್ ರುಂಬ ಮೋರೆಸ್ಬಿಗೆ ಹೋಗಿ ಬಂದ. ಮಾರುಕಟ್ಟೆಯಲ್ಲಿ ಮತಿಲ್ಡಳ ಜಾಗ ಖಾಲಿ ಇತ್ತಂತೆ. ಆಮೇಲೊಂದು ದಿನ ಪೇಟೆಯಲ್ಲಿ ಅವಳನ್ನು ನೋಡಿದನಂತೆ. ಯಾರೋ ಕಡಲ ತೀರದವನ ವ್ಯಾನಿನಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದಳಂತೆ. ಇವನು ಕೈ ಬೀಸಿದರೂ ಮುಖ ತಿರುಗಿಸಿದಳಂತೆ. ಯಾಕೋಬ್ ಸುಳ್ಳು ಹೇಳುವವನಲ್ಲ. ನೋಡಿದ್ದನ್ನೇ ಹೇಳಿದ. ಉಳಿದದ್ದನ್ನು ಊರು ಸೇರಿಸಿಕೊಂಡಿತು.

ಮರುದಿನ ನಾಲ್ವರು ಹೆಂಗಸರೂ ಅಪೊಲೋನಿಯಳ ಬೇಲಿಯ ಹತ್ತಿರ ಬಂದು ನಿಂತರು. ಜಗಳವಾಡಲಿಲ್ಲ, ಆಡಿದ್ದರೆ ವಾಸಿಯಿತ್ತು. ಅವರಲ್ಲಿ ಹಿರಿಯಳಾದ ವಾಂಬ ಮಾತ್ರ, ಹೊರಡುವಾಗ, “ನಿನ್ನ ತಂಗಿ ಈಗ ಮೀನು ತಿನ್ನೋರ ಮನೆಯೋಳು. ಅವಳಿಗೆ ನಮ್ಮ ಮಣ್ಣು ಮೆತ್ತಿದ ಗೆಣಸು ಯಾಕೆ ಬೇಕು ಹೇಳು,” ಎಂದಳು. ಅಪೊಲೋನಿಯ ಆ ಹೊತ್ತಿನಲ್ಲೇ ದಿಬ್ಬಕ್ಕೆ ಹೋಗಿ ಗೆಣಸು ಕೀಳಲು ಶುರುಮಾಡಿದಳು.

ಐದು ದಿನದ ಮೇಲೆ ಹದಿನಾಲ್ಕು ಮೂಟೆ ನನ್ನ ಟ್ರಕ್ಕಿಗೆ ಏರಿದವು. ನಾಲ್ವರೂ ತಲಾ ಎರಡು ಕೊಟ್ಟಿದ್ದರು, ಕೊನೇ ಸಲ ಎಂದು ಹೇಳಿಯೇ ಕೊಟ್ಟಿದ್ದರು. ಉಳಿದ ಆರು ಇವಳವು. ಅಪೊಲೋನಿಯ ನನ್ನನ್ನು ಕರೆದು ಒಲೆಯ ಮುಂದೆ ಕೂರಿಸಿ, “ಬರಿ ತಮ್ಮಾ,” ಎಂದಳು. ನಾನು ಮಕ್ಕಳ ಬರೆಯುವ ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡೆ. ಹಸಿರು ಗೆರೆಯ ಹಾಳೆ. ಅವಳು ಹೇಳಿದ್ದು ಇಷ್ಟು: ಈ ಹದಿನಾಲ್ಕು ಮೂಟೆ ಕೊನೆಯದು. ಇದನ್ನೂ ಕೊಳೆಯಲು ಬಿಟ್ಟರೆ, ನಮ್ಮ ಅವ್ವನ ಹೊಟ್ಟೆಯಲ್ಲಿ ನೀನು ಹುಟ್ಟಲೇ ಇಲ್ಲವೆಂದು ಊರಿಗೆ ಹೇಳುತ್ತೇನೆ. ನಾನು ಹೊತ್ತದ್ದು ತಂಗಿಯನ್ನಲ್ಲ, ಕಲ್ಲನ್ನು ಎಂದುಕೊಳ್ಳುತ್ತೇನೆ.

ಕೊನೆಯ ಮಾತನ್ನು ನಾನು ಬರೆಯಲಿಲ್ಲ. ಅವಳು ಹಾಳೆಯ ಮೇಲೆ ನನ್ನ ಕೈಯನ್ನೇ ನೋಡುತ್ತಿದ್ದಳು.

“ಓದು.”

ಓದಿದೆ.

“ಕಲ್ಲು ಎಲ್ಲಿ?”

“ಅತ್ತಿಗೆ, ಅಷ್ಟು ಬೇಡ.”

“ನೀನು ಟ್ರಕ್ಕು ಓಡಿಸೋನು. ನಾನು ಹಾಕಿದ ಮೂಟೆ ತಗೊಂಡು ಹೋಗಿ ಇಳಿಸೋದು ನಿನ್ನ ಕೆಲಸ. ದಾರೀಲಿ ಒಂದು ಕಡಿಮೆ ಮಾಡೋದಲ್ಲ.”

ಬರೆದೆ. ಮಡಿಚಿ, ಮಾರುಕಟ್ಟೆಯಲ್ಲಿ ಅವಳ ಜಾಗಕ್ಕೆ ಯಾರ ಕೈಯಲ್ಲಾದರೂ ಮುಟ್ಟಿಸು ಎಂದು ಲಾಯೆಯಲ್ಲಿ ಗಿದಿಯೋನನ ಕೈಗೆ ಕೊಟ್ಟೆ.

ಆಮೇಲಿನ ಮೂರನೇ ಲೋಡಿಗೆ ಲಾಯೆಗೆ ಹೋದಾಗ ಗಿದಿಯೋನ್ ನನಗೊಂದು ದೊಡ್ಡ ಗಂಟು ಕೊಟ್ಟ. ಅವನು ಮತಿಲ್ಡಳನ್ನು ನೋಡಿರಲಿಲ್ಲ. ಮೋರೆಸ್ಬಿಯ ಧಕ್ಕೆಗೆ ಯಾರೋ ಕಡಲ ಕಡೆಯ ಹೆಂಗಸು ತಂದುಕೊಟ್ಟಿದ್ದಳಂತೆ. ಊರಿಗೆ ತಂದು ಅಪೊಲೋನಿಯಳ ಅಂಗಳದಲ್ಲಿ ಬಿಚ್ಚಿದೆವು. ಐದು ಗಂಟು, ಐದು ಬಣ್ಣದ ಎಳೆ. ದುಡ್ಡು ಎಣಿಸಿದರೆ, ಹದಿನಾಲ್ಕು ಮೂಟೆಯಲ್ಲಿ ಒಂದೂ ಹಾಳಾಗಿರಲಿಲ್ಲ. ಏಪ್ರಿಲಿನಲ್ಲಿ ಕೊಳೆತು ಹೋದವಕ್ಕೂ ಏನೋ ಸೇರಿಸಿ ಕಳಿಸಿದ್ದಳು. ವಾಂಬ ಕೇಳಿದ್ದ ಕೆಂಪು ಸ್ವೆಟರು ಕೂಡ ಇತ್ತು. ವಾಂಬ ಅದನ್ನು ಆಗಲೇ ಹಾಕಿಕೊಂಡಳು, ಯಾಕೋಬನಿಗೆ ಕಣ್ಣು ಮಂಜಾಗಿದೆ ಎಂದಳು. ಎಲ್ಲರೂ ನಕ್ಕರು. ಅಪೊಲೋನಿಯ ಎಲ್ಲರಿಗಿಂತ ಹೆಚ್ಚು ನಕ್ಕಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಅದರ ಹಿಂದೆಯೂ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ.

ಕಾಗದ ಮಾತ್ರ ಇರಲಿಲ್ಲ.

“ಸಿಟ್ಟು ಬಂದಿರತ್ತೆ ಅವಳಿಗೆ. ಬರಲಿ,” ಎಂದಳು ಅಪೊಲೋನಿಯ. ಇನ್ನೊಂದು ಕಾಗದ ಬರೆಸಿದಳು. ಅದು ಉದ್ದವಾಗಿತ್ತು. ಕೋಪದಲ್ಲಿ ಆಡಿದೆ, ನುಂಗಿಕೋ ಎಂದಿತ್ತು. ವ್ಯಾನಿನವನು ಒಳ್ಳೆಯವನಾದರೆ ಕರೆದುಕೊಂಡು ಬಾ, ಹಂದಿ ಕೊಯ್ಯುತ್ತೇನೆ, ಮೀನು ತಿನ್ನುವವನಾದರೇನು ಎಂದಿತ್ತು. ತಾನೇ ಆರಿಸಿದ ಆರು ಗೆಣಸನ್ನು ಒಂದು ಹೊಸ ಜೋಳಿಗೆಯಲ್ಲಿ ಇಟ್ಟು, ಇದು ಮಾರಲಿಕ್ಕಲ್ಲ, ತಿನ್ನಲಿಕ್ಕೆ ಎಂದು ಬರೆಸಿದಳು.

ಅದನ್ನು ತೆಗೆದುಕೊಂಡು ಲಾಯೆಗೆ ಇಳಿದೆ. ಗಿದಿಯೋನ್ ಧಕ್ಕೆಯ ಗೇಟಿನಲ್ಲೇ ನನಗಾಗಿ ಕಾದಿದ್ದ. ಜೋಳಿಗೆ ಕೊಡಲು ಹೋದರೆ ಕೈ ಚಾಚಲಿಲ್ಲ. ಮತಿಲ್ಡ ತೀರಿಕೊಂಡು ಎರಡು ವಾರವಾಯಿತು, ಹೆಣ ಆಸ್ಪತ್ರೆಯಲ್ಲಿದೆ, ಊರಿನವರು ಬರಲಿ ಎಂದು ಕಾಯುತ್ತಿದ್ದಾರೆ ಎಂದ. ಹೇಗೆ ಎಂದು ಕೇಳಿದೆ. ಕ್ಷಯ ಎಂದ.

ಲಾಯೆಯಿಂದ ನಮ್ಮ ಕಣಿವೆಗೆ ಎರಡು ದಿನದ ದಾರಿ. ಆ ಸಲ ಗುಡ್ಡ ಕುಸಿದು ಒಂದು ಹಗಲು ನಿಂತೆವು, ಮೂರು ದಿನವಾಯಿತು. ಜೋಳಿಗೆ ಪಕ್ಕದ ಸೀಟಿನಲ್ಲಿತ್ತು. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಯೋಚಿಸಿದ್ದೆ. ಹೇಳಬೇಕಾಗಲಿಲ್ಲ. ಟ್ರಕ್ಕಿನಿಂದ ನಾನು ಆ ಜೋಳಿಗೆಯ ಸಮೇತ ಇಳಿದದ್ದನ್ನು ಹೊಲದಿಂದಲೇ ನೋಡಿದ ಅಪೊಲೋನಿಯ ಕೈಯಲ್ಲಿದ್ದ ಗುದ್ದಲಿಕೋಲನ್ನು ಬಿಟ್ಟು, ಅಲ್ಲೇ ದಿಬ್ಬದ ಮೇಲೆ ಕೂತುಬಿಟ್ಟಳು. ಆಮೇಲೆ ಎರಡೂ ಕೈಯಲ್ಲಿ ಒದ್ದೆ ಮಣ್ಣು ತೆಗೆದು, ನಮ್ಮಲ್ಲಿ ಸಾವಿಗೆ ಮಾಡುವಂತೆ, ಮುಖಕ್ಕೆ ಬಳಿದುಕೊಂಡಳು.

ಕುಲದವರೆಲ್ಲ ಸೇರಿ ವಿಮಾನಕ್ಕೂ ಶವಪೆಟ್ಟಿಗೆಗೂ ಹೊಂದಿಸಿದರು. ಅವಳ ಜೊತೆ ನಾನು ಹೋದೆ. ಮೋರೆಸ್ಬಿಯ ಸೆಖೆ ಅವಳಿಗೆ ಮೊದಲ ಸಲ. ಆದರೂ ಬೆವರಿದ್ದನ್ನು ಒರೆಸಿಕೊಳ್ಳಲಿಲ್ಲ, ಮುಖದ ಮಣ್ಣು ಹೋಗುತ್ತದೆಂದು. ವಿಮಾನ ನಿಲ್ದಾಣಕ್ಕೆ ಒಬ್ಬ ಹೆಂಗಸು ಬಂದಿದ್ದಳು. ಕೋನಿಯೋ ಎಂದು ಹೆಸರು. ಕಡಲ ತೀರದವಳು, ಮಾರುಕಟ್ಟೆಯಲ್ಲಿ ಮತಿಲ್ಡಳ ಪಕ್ಕ ಕೂತು ಹೊಗೆಮೀನು ಮಾರುವವಳು. ಅವಳ ಅಣ್ಣನದೊಂದು ವ್ಯಾನು ಇತ್ತು. ನಾವು ಅದರಲ್ಲೇ ಹೋದೆವು. ಅಪೊಲೋನಿಯ ಮುಂದಿನ ಸೀಟಿನಲ್ಲಿ ಕೂತಳು. ಸ್ವಲ್ಪ ದೂರ ಹೋದ ಮೇಲೆ ವ್ಯಾನು ಓಡಿಸುತ್ತಿದ್ದ ಆ ಅಣ್ಣನ ಕಡೆ ತಿರುಗಿ, ತನ್ನ ತಂಗಿಯೂ ಇಲ್ಲೇ ಕೂರುತ್ತಿದ್ದಳೇ ಎಂದು ಕೇಳಿದಳು. ಹೌದು, ಸೂಜಿ ಹಾಕಿಸಲು ದಿನಾ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ ಎಂದ ಅವನು. ಕೆಮ್ಮು ಬಂದರೆ ನನಗೆ ತಾಗಬಾರದೆಂದು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೇ ಇರುತ್ತಿದ್ದಳು ಎಂದ.

ಕೇರಿಯ ಆ ತಗಡಿನ ಮನೆಯಲ್ಲಿ ಕೂತು ಕೋನಿಯೋ ಎಲ್ಲ ಹೇಳಿದಳು. ಜನವರಿಯಿಂದಲೇ ರಕ್ತ ಬರುತ್ತಿತ್ತು. ಮತಿಲ್ಡ ಯಾರಿಗೂ ಹೇಳಗೊಡಲಿಲ್ಲ. ಕೆಮ್ಮುವವಳ ಕೈಯಿಂದ ಯಾರು ತಿನ್ನುವ ಪದಾರ್ಥ ಕೊಳ್ಳುತ್ತಾರೆ? ಊರಿಗೆ ಗೊತ್ತಾದರೆ ಅಕ್ಕ ಮತ್ತೆ ರಸ್ತೆ ಬದಿಗೆ ಹೋಗಿ ಕೂರುತ್ತಾಳೆ. ಒಂದೆರಡು ತಿಂಗಳು, ವಾಸಿಯಾಗುತ್ತೇನೆ, ಅನ್ನುತ್ತಿದ್ದಳು. ಏಪ್ರಿಲಿನಲ್ಲಿ ಮೂಟೆ ಬಂದಾಗ ಅವಳಿಗೆ ಪ್ರಜ್ಞೆಯೇ ಇರಲಿಲ್ಲ. ಬಂದಿವೆಯೆಂದು ಕೋನಿಯೋಗೂ ತಿಳಿಯಲಿಲ್ಲ. ಕೊನೆಯ ಹದಿನಾಲ್ಕು ಬಂದಾಗ ವಾರ್ಡಿನಿಂದ ತಾನಾಗಿ ಎದ್ದು ಬಂದಳು. ಧಕ್ಕೆಯ ಸಾಲಿನಲ್ಲಿ ಒಂದು ಹಗಲು ನಿಂತಳು. ಆಮೇಲೆ ನಾಲ್ಕು ದಿನ ಮಾರುಕಟ್ಟೆಯಲ್ಲಿ.

“ಅವಳು ಮುಟ್ಟಲಿಲ್ಲ,” ಎಂದಳು ಕೋನಿಯೋ. “ಒಂದು ಗೆಣಸನ್ನೂ ಮುಟ್ಟಲಿಲ್ಲ. ಬಾಯಿಗೆ ಬಟ್ಟೆ ಕಟ್ಕೊಂಡು ಆಚೆ ಮರದ ಕೆಳಗೆ ಕೂತಿರೋಳು. ಗುಪ್ಪೆ ಇಡ್ತಿದ್ದದ್ದು ನಾನು. ದೊಡ್ಡದು ಕೆಳಗೆ, ದೊಡ್ಡದು ಕೆಳಗೆ ಅಂತ ಅಲ್ಲಿಂದಲೇ ಕೈ ಮಾಡೋಳು. ನಂಗೆ ಮೀನು ಜೋಡಿಸಿ ಗೊತ್ತು, ಗೆಣಸು ಏನು ಗೊತ್ತು?”

ಗಂಟು ಕಟ್ಟಿದ ಮೂರನೇ ದಿನ ತೀರಿಕೊಂಡಳಂತೆ.

ಅಪೊಲೋನಿಯ, “ನಾನೊಂದು ಕಾಗದ ಕಳಿಸಿದ್ದೆ. ಓದಿಸಿಕೊಂಡಳಾ?” ಎಂದು ಕೇಳಿದಳು.

ಕೋನಿಯೋ ನನ್ನ ಕಡೆ ಒಮ್ಮೆ ನೋಡಿದಳು. “ಯಾವ ಕಾಗದ?” ಎಂದಳು. “ಕಾಗದ ಏನೂ ಬರಲಿಲ್ಲವಲ್ಲ.”

ನಾನು ಉಸಿರು ಬಿಟ್ಟೆ. ಅಪೊಲೋನಿಯ ತಲೆಯಾಡಿಸಿ ತಂಗಿಯ ಸಾಮಾನುಗಳನ್ನು ಕಟ್ಟಲು ಎದ್ದಳು. ಹೆಚ್ಚೇನೂ ಇರಲಿಲ್ಲ. ಎರಡು ಪಾತ್ರೆ, ಒಂದು ಚಾಪೆ, ನಾಲ್ಕು ಬಟ್ಟೆ, ಗೋಡೆಗೆ ತೂಗುಹಾಕಿದ್ದ ಜೋಳಿಗೆ. ಜೋಳಿಗೆಯನ್ನು ಚಾಪೆಯ ಮೇಲೆ ಸುರಿದಳು. ಬಾಚಣಿಗೆ, ಜಪಸರ, ಬಣ್ಣದ ಉಣ್ಣೆಯ ಉಂಡೆಗಳು, ಆಸ್ಪತ್ರೆಯ ಚೀಟಿಗಳು, ಅವುಗಳ ನಡುವೆ ಹಸಿರು ಗೆರೆಯ ಒಂದು ಹಾಳೆ. ಮತ್ತೆ ಮತ್ತೆ ಬಿಚ್ಚಿ ಮಡಿಚಿ ಅದರ ಮಡಿಕೆಗಳು ಹರಿಯುವಂತಾಗಿದ್ದವು.

ಅವಳಿಗೆ ಓದಲು ಬಾರದು. ಆದರೆ ಅದನ್ನು ಬರೆಸುವಾಗ ನನ್ನ ಕೈಯನ್ನೇ ನೋಡುತ್ತಾ ಕೂತಿದ್ದಳಲ್ಲ.

ಕೋನಿಯೋ ಮುಖ ಮುಚ್ಚಿಕೊಂಡು ಹೊರಗೆ ಹೋದಳು. ಅಪೊಲೋನಿಯ ಹಾಳೆಯನ್ನು ನನ್ನ ಕಡೆ ಚಾಚಿದಳು.

“ಓದು ತಮ್ಮಾ.”

“ಬೇಡ ಅತ್ತಿಗೆ.”

“ಅವಳು ಎಷ್ಟು ಸಲ ಕೇಳಿದ್ದಾಳೋ. ನಾನು ಒಂದು ಸಲ ಕೇಳಬಾರದಾ?”

ಓದಿದೆ. ಕಲ್ಲಿನ ಮಾತನ್ನೂ ಓದಿದೆ. ಅವಳು ಗೋಡೆಗೆ ಒರಗಿ ಕೂತು, ತಾನು ಆಡಿದ ಮಾತನ್ನು ತನ್ನ ತಂಗಿಯ ಮನೆಯಲ್ಲಿ, ನನ್ನ ಬಾಯಿಂದ, ಕೊನೆಯವರೆಗೂ ಕೇಳಿದಳು. ಅಳಲಿಲ್ಲ. ಮುಗಿದ ಮೇಲೆ ಹಾಳೆಯನ್ನು ಅದೇ ಮಡಿಕೆಯಲ್ಲಿ ಮಡಿಚಿ, ಶವಪೆಟ್ಟಿಗೆಯಲ್ಲಿಡಲು ತೆಗೆದುಕೊಂಡಳು. ಅದು ಬೇಡ, ಅಂಥ ಮಾತು ಅವಳ ಜೊತೆ ಮಣ್ಣಿಗೆ ಹೋಗುವುದು ಬೇಡ ಎಂದೆ. ಅವಳಿಗೆ ಕಳಿಸಿದ್ದು ಅವಳದ್ದೇ, ವಾಪಸ್ಸು ತೆಗೆದುಕೊಳ್ಳಲು ತಾನು ಯಾರು ಎಂದಳು. ಎರಡನೇ ಕಾಗದವನ್ನೂ ನಾನು ತಂದಿದ್ದೆ. ಅದನ್ನೂ ಇಟ್ಟಳು. ಅದನ್ನು ಓದಿ ಹೇಳಲು ಕೇಳಲಿಲ್ಲ.

ಶವಪೆಟ್ಟಿಗೆ ನಮ್ಮ ಬೆಟ್ಟದ ಪೇಟೆಯಾದ ಹಾಗನ್‌ಗೆ ಸರಕಿನ ವಿಮಾನದಲ್ಲಿ ಬಂತು. ಅಲ್ಲಿಂದ ನನ್ನ ಟ್ರಕ್ಕಿನಲ್ಲಿ ಕಣಿವೆಗೆ ತಂದೆವು. ನಾಲ್ವರು ಹೆಂಗಸರೂ ಮುಖಕ್ಕೆ ಬಿಳಿಮಣ್ಣು ಬಳಿದುಕೊಂಡು ರಸ್ತೆಯ ತಿರುವಿಗೇ ಬಂದಿದ್ದರು. ವಾಂಬ ಆ ಕೆಂಪು ಸ್ವೆಟರನ್ನು ತಂದು ಪೆಟ್ಟಿಗೆಯ ಮೇಲೆ ಹಾಕಿ, ಟ್ರಕ್ಕಿನ ಹಿಂದೆ ಮನೆಯವರೆಗೂ ಬರಿಮೈಯಲ್ಲಿ ಚಳಿಯಲ್ಲಿ ನಡೆದಳು. ಯಾಕೋಬ್, ಸತ್ತವರಿಗಾಗಿ ಊರೆಲ್ಲ ಕೂಡಿ ಅಳುವ ಮನೆಯ ಹೊರಗೆ ಮೂರು ದಿನ ಕೂತಿದ್ದ, ಒಳಗೆ ಬರುವ ಧೈರ್ಯವಾಗಲಿಲ್ಲ. ನಾಲ್ಕನೇ ದಿನ ಅಪೊಲೋನಿಯಳೇ ಹೋಗಿ, ನೋಡಿದ್ದನ್ನು ಹೇಳಿದ್ದರಲ್ಲಿ ತಪ್ಪಿಲ್ಲ ಎಂದು ಅವನನ್ನು ಒಳಗೆ ಕರೆತಂದಳು. ನನಗೂ ಅವಳು ಯಾವತ್ತೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ನಾನು ಸ್ವಲ್ಪ ಹಗುರಾಗುತ್ತಿದ್ದೆನೇನೋ.

ಈಗ ಆ ಹೆಂಗಸರು ಮೂಟೆಗಳನ್ನು ಕೋನಿಯೋಗೆ ಕಳಿಸುತ್ತಾರೆ. ಅವಳು ಗೆಣಸು ಮಾರುವುದನ್ನು ಚೆನ್ನಾಗಿಯೇ ಕಲಿತಿದ್ದಾಳೆ. ಅಪೊಲೋನಿಯ ಕಳಿಸುವುದಿಲ್ಲ. ತನಗೂ ತನ್ನ ಹಂದಿಗಳಿಗೂ ಸಾಕಾಗುವಷ್ಟು ಬೆಳೆಯುತ್ತಾಳೆ, ಮಿಕ್ಕರೆ ರಸ್ತೆ ಬದಿಗೆ ಒಯ್ಯುತ್ತಾಳೆ, ಕಿಟಕಿಯಿಂದ ಹೇಳಿದ ದರಕ್ಕೆ ಕೊಟ್ಟು ಬರುತ್ತಾಳೆ.

ಸೂತಕ ಕಳೆಯುವ ಊಟಕ್ಕೆ, ಒಂದು ವರ್ಷದ ಮೇಲೆ, ಕೋನಿಯೋ ನಮ್ಮ ಕಣಿವೆಗೆ ಬಂದಿದ್ದಳು. ಬೆಟ್ಟದ ಚಳಿ ಕಂಡವಳಲ್ಲ. ಅಣ್ಣನ ಕೋಟು ಹಾಕಿಕೊಂಡು ನಡುಗುತ್ತಾ ಬಂದಳು. ಅಪೊಲೋನಿಯ ಅವಳನ್ನು ಒಲೆಯ ಪಕ್ಕದಲ್ಲಿ ಕೂರಿಸಿ, ಬೂದಿಯಲ್ಲಿ ಸುಟ್ಟ ಗೆಣಸನ್ನು ಸಿಪ್ಪೆ ಸುಲಿದು ಕೈಗೆ ಕೊಟ್ಟಳು. ಊಟಕ್ಕೆ ಬಂದವರೆಲ್ಲ ಹೊರಗೆ ಹಂದಿಯ ಮಾಂಸದ ಸುತ್ತ ಇದ್ದರು. ಒಳಗೆ ನಾವು ಮೂವರೇ. ಆಗ ಅಪೊಲೋನಿಯ ಕೇಳತೊಡಗಿದಳು. ಆ ನಾಲ್ಕು ದಿನ ಮತಿಲ್ಡ ಕೂತಿದ್ದ ಮರ ಯಾವುದು, ನೆರಳು ಇತ್ತೋ, ಕೆಳಗೆ ಏನಾದರೂ ಹಾಸಿಕೊಂಡಿದ್ದಳೋ. ಬಾಯಿಗೆ ಕಟ್ಟಿದ ಬಟ್ಟೆ ಯಾವ ಬಣ್ಣದ್ದು. ಮಧ್ಯಾಹ್ನ ಏನು ತಿಂದಳು, ಯಾರು ತಂದುಕೊಟ್ಟರು. ಕೋನಿಯೋ ನೆನಪಿದ್ದದ್ದನ್ನೆಲ್ಲ ಹೇಳಿದಳು. ಮಳೆಮರ, ನೆರಳು ಇತ್ತು, ಗೋಣಿ ಹಾಸಿದ್ದೆ, ನೀಲಿ ಬಟ್ಟೆ, ಎಳನೀರು ಮಾತ್ರ ಕುಡಿಯುತ್ತಿದ್ದಳು.

“ಇನ್ನೂ ಹೇಳು,” ಎಂದಳು ಅಪೊಲೋನಿಯ.

ನಾನು ಟ್ರಕ್ಕಿಗೆ ನೀರು ಹಾಕಬೇಕೆಂದು ಹೇಳಿ ಎದ್ದು ಹೊರಗೆ ಬಂದೆ. ಬಾಗಿಲಲ್ಲಿ ಬಗ್ಗಿ ದಾಟುವಾಗ, ಕೋನಿಯೋ ಹೇಳಲು ಬೇರೇನೂ ಉಳಿಯದೆ, ಮತ್ತೆ ಮೊದಲಿನಿಂದ ಆ ಮರದ ವಿಷಯ ಹೇಳಲು ಶುರುಮಾಡಿದ್ದು ಕೇಳಿಸಿತು.